ಪಾದ್ರಿ ಅಳೆದ ಮೂಗು

ಮುಖಗಳು ಬಂದದ್ದು ಮರದ ಪೆಟ್ಟಿಗೆಗಳಲ್ಲಿ. ತಳದಲ್ಲಿ ಭತ್ತದ ಹುಲ್ಲು, ಹುಲ್ಲಿನ ಮೇಲೆ ಮುಟ್ಟಿದರೆ ಪುಡಿಯಾಗುವ ಹಳೆಯ ಪತ್ರಿಕೆಗಳು, ಅವುಗಳ ಮೇಲೆ ಅಂಗಾತ ಮಲಗಿದ್ದ ಪ್ಲಾಸ್ಟರಿನ ಗಂಡಸರು, ಹೆಂಗಸರು. ಎಲ್ಲರ ಕಣ್ಣೂ ಮುಚ್ಚಿತ್ತು.

“ಫಾದರ್, ಇವೆಲ್ಲ ಸತ್ತವರ ಮುಖವಾ?” ಎಂದು ಕೇಳಿದೆ.

“ಅಯ್ಯೋ, ಇಲ್ಲ ಮೇಡಂ. ಬದುಕಿದ್ದಾಗ್ಲೇ ತೆಗೆದಿದ್ದು. ಕಣ್ಣು ಬಿಟ್ಟಿದ್ರೆ ಪ್ಲಾಸ್ಟರ್ ಒಳಗ್ ಹೋಗುತ್ತಲ್ಲ, ಅದಕ್ಕೆ ಮುಚ್ಚಿಸ್ತಿದ್ರು. ನಮ್ಮ ದೊಡ್ಡ ಸ್ವಾಮಿಗಳದು ತುಂಬಾ ಸೈಂಟಿಫಿಕ್ ಮೈಂಡು,” ಎಂದರು ಫಾದರ್. ತಮ್ಮ ತಾತನ ಬಗ್ಗೆ ಹೇಳುವಷ್ಟು ಹೆಮ್ಮೆ ಆ ಮಾತಿನಲ್ಲಿತ್ತು.

ಫಾದರ್ ಎಂದರೆ ಕೆಂಪಾಪುರದ ಆಚೆ ಇರುವ ಒಂದು ಮಿಷನ್ ಮನೆಯ ಈಗಿನ ಮುಖ್ಯಸ್ಥರು. ನಾನು ಆರ್.ಟಿ. ನಗರದವಳು, ಒಡೆದ ಪ್ಲಾಸ್ಟರು, ಸವೆದ ಕಲ್ಲು ಇವುಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ದೊಡ್ಡ ಸ್ವಾಮಿ ಎಂದರೆ ಆ ಮನೆಯನ್ನು ಕಟ್ಟಿದ ಪಾದ್ರಿ. ಬೆಂಗಳೂರು ದಂಡಿನಲ್ಲಿ ಬಿಳಿಯ ಸಿಪಾಯಿಗಳು ಕವಾಯತು ಮಾಡುತ್ತಿದ್ದ ಕಾಲದಲ್ಲಿ ಯೂರೋಪಿನಿಂದ ಬಂದವರು. ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ, ಆಮೇಲೆ ಬಡವರಿಗೆ ಔಷಧ, ಔಷಧ ಮುಗಿದ ಮೇಲೆ ಕೈಯಲ್ಲಿ ಕೈವಾರ. ಯಲಹಂಕ, ಹೆಬ್ಬಾಳದ ಸುತ್ತಿನ ಹಳ್ಳಿಗಳಿಂದ ಕೆಮ್ಮು ಜ್ವರ ಎಂದು ಬಂದವರ ತಲೆ, ಹಣೆ, ಮೂಗು ಅಳೆದು ತಮ್ಮ ದೇಶದ ಮಾನವಶಾಸ್ತ್ರದ ಪಂಡಿತರಿಗೆ ಕಳಿಸುತ್ತಿದ್ದರು. ಆ ಕಾಲದ ಮಾನವಶಾಸ್ತ್ರಕ್ಕೆ ಮೂಗಿನ ಮೇಲೆ ಬಲು ಮೋಹ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿದರೆ ಯಾವ ಜಾತಿ ಮೇಲು, ಯಾವುದು ಕೀಳು ಎಂದು ಗೊತ್ತಾಗುತ್ತದೆಂದು ದೊಡ್ಡ ದೊಡ್ಡವರೇ ನಂಬಿದ್ದರು. ನಮ್ಮವರು ಅದನ್ನು ಅಳೆಯದೆಯೇ ಹೇಳುತ್ತಿದ್ದರು ಎನ್ನುವುದು ಬೇರೆ ಮಾತು.

ಅಳತೆ ಸಾಲದು ಎನಿಸಿದವರ ಮುಖಕ್ಕೆ ಪ್ಲಾಸ್ಟರು ಮೆತ್ತಿ ಅಚ್ಚು ತೆಗೆಯುತ್ತಿದ್ದರು. ಈಗ ಆ ಮುಖಗಳನ್ನೆಲ್ಲ ಹಳೆಯ ಊಟದ ಹಾಲ್‌ನಲ್ಲಿ ನಿಲ್ಲಿಸಿ ಒಂದು ಮ್ಯೂಸಿಯಂ ಮಾಡಬೇಕು, ಯೂರೋಪಿನಲ್ಲಿರುವ ಮಿಷನ್ನಿನ ಮೂಲಮನೆಯಿಂದ ಅತಿಥಿಗಳು ಬರುತ್ತಾರೆ, ಅಷ್ಟರೊಳಗೆ ನಾನು ಎಲ್ಲವನ್ನೂ ಒಪ್ಪ ಮಾಡಿಕೊಡಬೇಕು. ಒಪ್ಪಿಕೊಂಡೆ. ಅದು ಮಳೆಗಾಲದ ಶುರು.

ಪ್ಲಾಸ್ಟರಿಗೆ ನೀರು ಆಗದು. ಅದು ನೀರು ಕುಡಿಯುತ್ತದೆ, ಕುಡಿದ ನೀರಿನ ಜೊತೆ ಕೊಳೆಯನ್ನೂ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಮೆತ್ತನೆಯ ಕುಂಚದಿಂದ ಧೂಳು ಹೊಡೆಯಬೇಕು, ಆಮೇಲೆ ಒಣ ರಬ್ಬರ್ ಸ್ಪಂಜಿನಿಂದ ಒತ್ತಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಕೊನೆಗೆ ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಸ್ವಲ್ಪ ಎಂಜಲು. ನಗಬೇಡಿ, ಹಳೆಯ ಜಿಡ್ಡಿಗೆ ಮನುಷ್ಯರ ಎಂಜಲಿನಷ್ಟು ಹದವಾದ ಔಷಧ ಇನ್ನೂ ಸಿಕ್ಕಿಲ್ಲ. ಏರ್‌ಪೋರ್ಟ್ ರಸ್ತೆಯ ಧೂಳು ಕಿಟಕಿಯಿಂದ ಬಂದು ಬಂದು ನಾನು ಬೆಳಿಗ್ಗೆ ತೆಗೆದದ್ದನ್ನು ಸಂಜೆಗೆ ಮತ್ತೆ ಕೂರಿಸುತ್ತಿತ್ತು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬೈದುಕೊಳ್ಳುತ್ತಾ ಕೆಲಸ ಮಾಡಿದೆ.

ಧೂಳಿಗಿಂತ ದೊಡ್ಡ ಕಾಟ ಬಣ್ಣದ್ದು. ಮುಖಗಳ ಮೇಲೆ ದಪ್ಪ ಪೇಂಟು, ಗಂಡಸರಲ್ಲಿ ಕೆಲವರಿಗೆ ಕಪ್ಪು ಗಡ್ಡ. ವಿಚಾರಿಸಿದರೆ ಫಾದರ್ ನಾಚಿಕೊಂಡು ನಕ್ಕರು. ಹಿಂದೆ ಯಾವಾಗಲೋ ಕ್ರಿಸ್ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುವವರಿಗೆ ಕುರುಬರ ಬೊಂಬೆಗಳಿಗೆ ತಲೆಗಳು ಸಾಲದೆ ಬಂದಿವೆ. ಉಗ್ರಾಣದಲ್ಲಿ ಈ ಮುಖಗಳು ಸಿಕ್ಕಿವೆ. ಗಡ್ಡ ಬರೆದು, ತಲೆಗೆ ಬಟ್ಟೆ ಸುತ್ತಿ, ಬಾಲಯೇಸುವಿನ ಮುಂದೆ ನಿಲ್ಲಿಸಿದ್ದಾರೆ. ಕಣ್ಣು ಮುಚ್ಚಿದ್ದು ಭಕ್ತಿಯಿಂದ ಎಂದು ನೋಡಿದವರಿಗೆಲ್ಲ ಅನ್ನಿಸಿರಬೇಕು. ಆ ಬಣ್ಣವನ್ನು ಚೂರಿಯ ತುದಿಯಿಂದ ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುವುದರಲ್ಲೇ ನನ್ನ ಬೆನ್ನು ಮುರಿಯಿತು.

ಒಂದೇ ಒಂದು ಮುಖಕ್ಕೆ ಬಣ್ಣ ಬಿದ್ದಿರಲಿಲ್ಲ. ಒಬ್ಬ ಹೆಂಗಸಿನದು. ಅವಳನ್ನು ಗೋದಲಿಯವರು ಮುಟ್ಟದೆ ಬಿಟ್ಟದ್ದೇಕೆ ಎನ್ನುವುದು ನೋಡಿದ ತಕ್ಷಣ ತಿಳಿಯಿತು. ಅವಳ ಮೂಗಿನ ಹೊಳ್ಳೆಗಳಿಂದ ಎರಡು ಪ್ಲಾಸ್ಟರ್ ಕಡ್ಡಿಗಳು ಹೊರಗೆ ಚಾಚಿಕೊಂಡಿದ್ದವು.

ಮುಖದ ಅಚ್ಚು ತೆಗೆಯುವ ಕ್ರಮ ಹೀಗಿದೆ. ಮನುಷ್ಯರನ್ನು ಮಲಗಿಸಿ, ಮುಖಕ್ಕೆ ಎಣ್ಣೆ ಸವರಿ, ಉಸಿರಾಡಲು ಹೊಳ್ಳೆಗಳಿಗೆ ಎರಡು ಟೊಳ್ಳು ಕಡ್ಡಿ ಇಟ್ಟು, ಉಳಿದ ಮುಖವನ್ನೆಲ್ಲ ಕಿವಿಗಳ ಸಮೇತ ಹಸಿ ಪ್ಲಾಸ್ಟರಿನಿಂದ ಮುಚ್ಚುತ್ತಾರೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಗಟ್ಟಿಯಾದ ಚಿಪ್ಪನ್ನು ಎತ್ತಿ ಅದರೊಳಗೆ ಬೇರೆ ಪ್ಲಾಸ್ಟರು ಹೊಯ್ದರೆ ಮುಖ ಮೂಡುತ್ತದೆ. ಹೊಯ್ದದ್ದು ಉಸಿರಿನ ಕಡ್ಡಿಗಳೊಳಕ್ಕೂ ಇಳಿಯುವುದರಿಂದ ಮೂಗಿಗೆ ಎರಡು ಬಾಲ ಬರುತ್ತವೆ. ಆಮೇಲೆ ಅವನ್ನು ಕತ್ತರಿಸಿ, ಹೊಳ್ಳೆಗಳನ್ನು ಚೂರಿಯಿಂದ ತೋಡಿ ಬಿಡಿಸುತ್ತಾರೆ. ಪಾದ್ರಿ ಬೇರೆಯವರಿಗೆಲ್ಲ ಹಾಗೆ ಮಾಡಿದ್ದರು. ಇವಳನ್ನು ಮಾತ್ರ ಹಾಗೇ ಬಿಟ್ಟಿದ್ದರು.

ಬಿಟ್ಟದ್ದಕ್ಕೆ ಕಾರಣವೂ ಆ ಮುಖದಲ್ಲೇ ಇತ್ತು. ತುಟಿಯ ಅಂಚು ಎರಡೆರಡಾಗಿ ಮೂಡಿತ್ತು. ಎಡಗೆನ್ನೆಯ ಮೇಲೆ ಒಂದು ಜಾರು ಗುರುತು. ಗಟ್ಟಿಯಾಗುವ ಮೊದಲೇ ಅವಳು ಮುಖ ಅಲುಗಿಸಿದ್ದಾಳೆ. ಬಲಗಡೆಯ ಕಡ್ಡಿ ದುಂಡಗೆ, ಉದ್ದವಾಗಿತ್ತು. ಎಡಗಡೆಯದು ಮೋಟು, ಚಪ್ಪಟೆ. ಆ ಕಡೆಯ ಟೊಳ್ಳು ಕಡ್ಡಿ ಪ್ಲಾಸ್ಟರಿನ ಭಾರಕ್ಕೆ ಜಜ್ಜಿಹೋಗಿದೆ. ಅಷ್ಟು ಹೊತ್ತೂ ಅವಳು ಒಂದೇ ಹೊಳ್ಳೆಯಲ್ಲಿ ಉಸಿರಾಡಿದ್ದಾಳೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಅನ್ನುತ್ತಾರೆ. ಪ್ಲಾಸ್ಟರಿನ ಕೆಳಗೆ ಆ ದಾರಿಯೂ ಇರುವುದಿಲ್ಲ. ಅಚ್ಚು ಕೆಟ್ಟಿತೆಂದು ಪಾದ್ರಿ ಆಕೆಯನ್ನು ಪಕ್ಕಕ್ಕಿಟ್ಟಿರಬೇಕು.

ಮುಖದ ಬೆನ್ನಿಗೆ, ಹಸಿಯಿದ್ದಾಗಲೇ ಕೊರೆದ ಒಂದು ಹೆಸರಿತ್ತು. ಹೆಂಗಸಿನ ಹೆಸರಲ್ಲ, ಊರಿನದು. ಕೋಗಿಲು.

ಆ ಆವರಣದಲ್ಲೇ ಮಿಷನ್ನಿನವರ ಸ್ಕೂಲೂ ಇದೆ. ಅಲ್ಲಿನ ಒಬ್ಬ ಟೀಚರ್ ದಿನಾ ಕಾಫಿ ಬಿಡುವಿನಲ್ಲಿ ನನ್ನ ಕೋಣೆಗೆ ಇಣುಕಿ ಹೋಗುತ್ತಿದ್ದರು. ಅವರು ಆ ಬೆನ್ನನ್ನು ನೋಡಿದ್ದೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

“ಮೇಡಂ, ಇದು ನಮ್ಮೂರು ಕಣ್ರೀ. ನಮ್ಮತ್ತೆ ಒಂದು ಕಥೆ ಹೇಳ್ತಾನೇ ಇರ್ತಾರೆ, ಅವರಜ್ಜಿ ಮುಖಕ್ಕೆ ಪಾದ್ರಿ ಸುಣ್ಣ ಮೆತ್ತಿದ್ರು ಅಂತ. ನಾವೆಲ್ಲ ಮುದುಕಿ ಏನೋ ಹೇಳುತ್ತೆ ಅಂತ ನಗ್ತಿದ್ವಿ. ನಾಳೆ ಕರ್ಕೊಂಡ್ ಬರ್ತೀನಿ, ಇರಿ.”

ಮಾರನೆಯ ದಿನ ಅತ್ತೆಯನ್ನು ಆಟೋದಲ್ಲಿ ಕರೆತಂದರು. ನಾನು ಅವರನ್ನು ಅಜ್ಜಿ ಎಂದೇ ಕರೆದೆ. ಅಜ್ಜಿ ಮೇಜಿನ ಹತ್ತಿರ ಬಂದರು. ಮುಖವನ್ನು ನೋಡಲೇ ಇಲ್ಲ. ನೇರವಾಗಿ ಬಲಗಿವಿಯನ್ನು ಮುಟ್ಟಿದರು. ಓಲೆಯ ಭಾರಕ್ಕೆ ಹರಿದು ಎರಡು ಸೀಳಾದ ಕಿವಿಯ ಹಾಲೆ ಅದು. ಆ ಸೀಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನಿಂತರು.

“ಇವ್ಳೇ,” ಎಂದರು. “ಈ ಕಿವಿ ಇಡ್ಕೊಂಡೇ ನಾನ್ ನಿದ್ದೆ ಮಾಡ್ತಿದ್ದೆ.”

ಆಮೇಲೆ ಮೂಗಿನ ಕಡ್ಡಿಗಳನ್ನು ನೋಡಿದರು. “ಅರಳು ಗಿಡದ ದಂಟು ಇಟ್ಟಿದ್ನಂತೆ ಪಾದ್ರಿ. ಒಂದ್ ಕಡೆ ಉಸ್ರು ಕಟ್ಟೋಯ್ತಂತೆ. ಕೈ ಎತ್ತುದ್ರೆ ಇಬ್ರು ಅದುಮಿ ಇಡ್ಕೊಂಡ್ರಂತೆ. ಕೂಸಿಗೆ ಔಸ್ದಿ ಕೊಡ್ತೀನಿ, ಅಲ್ಲಾಡ್ಬ್ಯಾಡ ಅಂದ್ನಂತೆ. ಸಾಯೋಗಂಟ ಅವ್ಳು ಮುಖದ್ ಮ್ಯಾಕೆ ಸೆರಗು ಆಕ್ಕೊಂಡ್ ಮಲಗ್ಲಿಲ್ಲ ಕಣವ್ವ, ಎಂಥ ಚಳಿ ಇದ್ರೂವೆ.”

ಹರಳು ಗಿಡದ, ಅಂದರೆ ಔಡಲದ, ಎಲೆಯ ದಂಟು ಟೊಳ್ಳು. ಸುಲಭವಾಗಿ ಜಜ್ಜುತ್ತದೆ. ನಾನು ಭೂತಗನ್ನಡಿ ಹಿಡಿದು ಊಹಿಸಿದ್ದನ್ನು ಆ ಮನೆಯವರು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು, ಯಾರೂ ಕೇಳಿರಲಿಲ್ಲ, ಅಷ್ಟೇ.

ಅಜ್ಜಿಗೆ ಬೇಕಾದದ್ದು ಒಂದೇ. ಪಿತೃಪಕ್ಷದ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಗೋಡೆಗೆ ಒರಗಿಸಿದ ಒಂದೊಂದು ಫೋಟೋದ ಮುಂದೆ ಹೊಸ ಬಟ್ಟೆ, ಎಲೆಯ ಮೇಲೆ ಮುದ್ದೆ, ನಾಟಿ ಕೋಳಿ ಸಾರು, ವಡೆ, ಕಜ್ಜಾಯ. ಅಜ್ಜಿಯ ಈ ಅಜ್ಜಿಗೆ ಮಾತ್ರ ಫೋಟೋ ಇಲ್ಲ. ಅವಳ ಎಲೆಯ ಮುಂದೆ ನೀರು ತುಂಬಿದ ಒಂದು ಚೊಂಬು ಇಟ್ಟು ಅದರ ಪಕ್ಕ ಸೀರೆ ಮಡಿಸಿಡುತ್ತಾರೆ. “ಒಂದ್ ದಿನ ಕೊಡ್ಸವ್ವ. ಅವ್ಳ ಮುಖ ನೋಡ್ಕೊಂಡ್ ಒಂದ್ಸಲ ಬಡಿಸ್ತೀನಿ. ಮಾರನೇ ದಿನ ನಾನೇ ತಂದ್ ಮಡಗ್ತೀನಿ.”

ನನಗೆ ಒಂದು ಉಪಾಯ ಹೊಳೆಯಿತು. ಮುಖದ ಮೇಲೆ ಸಿಲಿಕೋನ್ ಸವರಿ ಅಚ್ಚು ತೆಗೆದು ಒಂದು ಪ್ರತಿ ಮಾಡಿಕೊಡುತ್ತೇನೆ, ಅದು ಶಾಶ್ವತವಾಗಿ ನಿಮ್ಮ ಮನೆಯಲ್ಲೇ ಇರಲಿ ಎಂದೆ. ಅಜ್ಜಿ ಮುಖವನ್ನು ನನ್ನಿಂದ ಮರೆಮಾಡುವಂತೆ ಅಡ್ಡ ನಿಂತರು.

“ಮತ್ತೆ ಮೆತ್ತುತೀರಾ? ಬ್ಯಾಡ. ಅವ್ಳಿಗೆ ಒಂದ್ಸಲ ಮೆತ್ತಿದ್ದೇ ಸಾಕು.”

ಫಾದರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಅಜ್ಜಿಯ ಬೇಡಿಕೆಯನ್ನು ಹೇಳಿದಾಗ ಕೂತು ಪೂರ್ತಿ ಕೇಳಿದರು. ಕೇಳಿ, “ಆಗ್ಲಿ ಮೇಡಂ. ಆದ್ರೆ ನೀವೂ ನನ್ನದೊಂದ್ ಮಾತು ನಡೆಸ್ಕೊಡಿ. ಆ ಮೂಗಲ್ಲಿರೋ ಕಡ್ಡಿ ತೆಗೆದ್ಬಿಡಿ. ಬಂದವರು ನೋಡಿದ್ರೆ ದೊಡ್ಡ ಸ್ವಾಮಿಗಳ ಬಗ್ಗೆ ತಪ್ಪು ತಿಳ್ಕೋತಾರೆ. ಮೂಗು ಸರಿ ಮಾಡ್ಕೊಡಿ, ಒಂದು ದಿನ ಅವರ ಮನೆಗೆ ಕಳಿಸೋಣ,” ಎಂದರು.

“ಅದು ತಪ್ಪು ತಿಳಿಯೋದಲ್ಲ ಫಾದರ್, ಸರಿಯಾಗಿ ತಿಳಿಯೋದು. ಆ ಕಡ್ಡಿ ಒಂದೇ ಸಾಕ್ಷಿ.”

“ಅವರ ಕಾಲದಲ್ಲಿ ಎಲ್ಲರೂ ಮಾಡ್ತಿದ್ದಿದ್ದೇ ಅಲ್ವಾ? ಅವರು ಕೊಟ್ಟ ಔಷಧದಿಂದ ಎಷ್ಟ್ ಜನ ಬದುಕಿದ್ರು, ಅದನ್ನೂ ನೋಡ್ಬೇಕಲ್ಲ.”

ಅದೂ ಸುಳ್ಳಲ್ಲ. ಆ ಕೂಸು ಔಷಧ ಕುಡಿದು ಬದುಕಿತು, ಅದು ಬದುಕಿದ್ದರಿಂದಲೇ ಈ ಅಜ್ಜಿ ಹುಟ್ಟಿದ್ದು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ: ಹಳೆಯ ಕೈ ಮಾಡಿದ್ದನ್ನು ಹೊಸ ಕೈ ಕತ್ತರಿಸಬಾರದು. ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ, ಒಂದು ದಿನದ ಎಡೆಗಾಗಿ ನೂರು ವರ್ಷದ ಸಾಕ್ಷಿ ಕಳೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಆಗುವುದಿಲ್ಲವೆಂದು ಅಜ್ಜಿಗೇ ಹೇಳಿಬಿಡೋಣ ಎಂದು ಭಾನುವಾರ ಕೋಗಿಲಿಗೆ ಹೋದೆ.

ಹೊಸ ಲೇಔಟುಗಳ ಸಾಲು ಸಾಲು ಗೇಟುಗಳ ಹಿಂದೆ ಹಳೆಯ ಊರಿನ ಬೀದಿ ಇನ್ನೂ ಇದೆ. ಅಜ್ಜಿ ಜಗಲಿಯ ಮೇಲೆ ರಾಗಿ ಕೇರುತ್ತಾ ಕೂತಿದ್ದರು. ನಾನು ಸಾಕ್ಷಿ, ಚರಿತ್ರೆ, ಮುಂದಿನವರಿಗೆ ತಿಳಿಯಬೇಕು ಎಂದೆಲ್ಲ ವಿವರಿಸಿದೆ. ಮೊರ ನಿಂತಿತು.

“ಸಾಕ್ಸಿ ಅಂತೀರಲ್ಲವ್ವ, ಯಾವ ಕೋರ್ಟ್ಗೆ ವೋಗ್ತೀರಿ? ಪಾದ್ರಿ ಸತ್ತ, ಅವ್ಳೂ ಸತ್ಲು. ಅವತ್ತಿಂದ ಮೂಗ್ನಾಗೆ ಕಡ್ಡಿ ಇಟ್ಕೊಂಡ್ ಮಲ್ಗವ್ಳೆ. ನಿಮಗ್ ಅದು ಸಾಕ್ಸಿ. ತೆಗ್ದು ಅವ್ಳಿಗ್ ಉಸ್ರಾಡಕ್ ಬಿಡಿ.”

ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಎಂದಿನಂತೆ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಅಷ್ಟು ಹೊತ್ತೂ ಅಜ್ಜಿಯ ಮಾತನ್ನೇ ಯೋಚಿಸಿದೆ. ಪಾದ್ರಿಗೆ ಅವಳ ಮೂಗು ಬೇಕಿತ್ತು, ಫಾದರಿಗೆ ಚೊಕ್ಕವಾದ ಮೂಗು ಬೇಕು, ನನಗೆ ಕಡ್ಡಿ ಇರುವ ಮೂಗು ಬೇಕು. ಅವಳು ಉಸಿರಾಡಲಿ ಎಂದವರು ಇಷ್ಟು ವರ್ಷಕ್ಕೆ ಒಬ್ಬರೇ. ಬಸ್ಸು ಮೇಖ್ರಿ ಸರ್ಕಲ್ ಮುಟ್ಟುವ ಹೊತ್ತಿಗೆ ಕಟ್ಟುಪಾಡು ಮುರಿಯುವುದೆಂದು ತೀರ್ಮಾನಿಸಿದೆ.

ಫಾದರಿಗೆ ನನ್ನ ಷರತ್ತನ್ನು ಬಿಡಿಸಿ ಹೇಳಿದೆ. ಕಡ್ಡಿ ತೆಗೆಯುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯುತ್ತೇನೆ. ತೆಗೆದ ಕಡ್ಡಿಗಳನ್ನು ಡಬ್ಬಿಯಲ್ಲಿ ಹಾಕಿ ಮುಖದ ಜೊತೆಗೇ ಇಡಬೇಕು. ಬರೀ ಕತ್ತರಿಸಿದರೆ ಸಾಲದು, ಹೊಳ್ಳೆಗಳನ್ನು ಸಣ್ಣ ಕೈ ಬೈರಿಗೆಯಿಂದ ಒಳಗಿನವರೆಗೆ ಕೊರೆದು ಬಿಡಿಸಬೇಕು. ಫಾದರ್ ಎಲ್ಲಕ್ಕೂ ಹೂಂ ಎಂದರು. ಟೀಚರ್ ಮೂಲಕ ಅಜ್ಜಿಗೂ ಹೇಳಿ ಕಳಿಸಿದೆ.

ಆ ವಾರವೇ ಹಾಲಿನ ತಾರಸಿ ಸೋರಿತು. ಸೋರಿದ ನೀರು ಹುಡುಕಿಕೊಂಡು ಹೋದ ಹಾಗೆ ಆ ಮುಖವಿದ್ದ ಶೆಲ್ಫಿನ ಮೇಲೇ ಬಿತ್ತು. ಬೆನ್ನ ಕಡೆ ಬೈರಿಗೆ ಇಟ್ಟು ಪರೀಕ್ಷಿಸಿದೆ. ಒಣ ಪ್ಲಾಸ್ಟರಿನಿಂದ ಹಿಟ್ಟಿನಂಥ ಪುಡಿ ಉದುರಬೇಕು. ಮೆತ್ತನೆಯ ಉಂಡೆ ಬಂತು. ಈ ಸ್ಥಿತಿಯಲ್ಲಿ ಕೊರೆದರೆ ಮೂಗಿನ ಹೊಳ್ಳೆಯೇ ಕುಸಿದು ಬೀಳುತ್ತದೆ. ನೆರಳಲ್ಲಿ, ದೂರದ ಫ್ಯಾನ್ ಗಾಳಿಗೆ, ನಿಧಾನವಾಗಿ ಒಣಗಬೇಕು, ಬಿಸಿಲು ತಾಕಿಸಬೇಡಿ, ಒಣಗಿದ ಮೇಲೆ ಕರೆಯಿರಿ ಎಂದು ಹೇಳಿ ಬಂದೆ. ಅಮಾವಾಸ್ಯೆಗೆ ಇನ್ನೂ ಸಮಯವಿತ್ತು.

ಕರೆ ಬರಲಿಲ್ಲ. ಕೆಲವು ದಿನ ಬಿಟ್ಟು ವಾಟ್ಸಾಪಿನಲ್ಲಿ ಉದ್ಘಾಟನೆಯ ಆಹ್ವಾನ ಬಂತು. ಅತಿಥಿಗಳು ಗೊತ್ತಾಗಿದ್ದಕ್ಕಿಂತ ಮೊದಲೇ ಬರುತ್ತಿದ್ದುದರಿಂದ ಸಮಾರಂಭವೂ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಬಂದಿತ್ತು. ಫೋನ್ ಮಾಡಿದರೆ ಫಾದರ್ ಎತ್ತಲಿಲ್ಲ. ಇನ್ನೂ ಒಣಗದ ಆ ಒಂದು ಮುಖವನ್ನು ಪ್ರದರ್ಶನಕ್ಕೆ ಇಟ್ಟಿರಲಾರರು ಎಂದುಕೊಂಡು, ಬೈರಿಗೆಯನ್ನು ಬ್ಯಾಗಿಗೆ ಹಾಕಿಕೊಂಡು ಬೆಳಿಗ್ಗೆ ಬೇಗ ಹೋದೆ.

ಹಾಲಿನ ತುಂಬ ಮರೂನ್ ವೆಲ್ವೆಟ್. ಅದರ ಮೇಲೆ ಸಾಲಾಗಿ ಮುಖಗಳು, ಎಲ್ಲವಕ್ಕೂ ಒಂದೇ ಕೆನೆ ಬಣ್ಣ. ನಾನು ತಿಂಗಳುಗಟ್ಟಲೆ ಸಿಪ್ಪೆ ಸಿಪ್ಪೆಯಾಗಿ ತೆಗೆದ ಬಣ್ಣದ ಜಾಗಕ್ಕೆ ಹೊಸದು ಬಂದಿತ್ತು. ಕೋಗಿಲಿನ ಹೆಂಗಸು ನಡುವಿನಲ್ಲಿದ್ದಳು. ಕಡ್ಡಿಗಳಿರಲಿಲ್ಲ. ಹೊಳ್ಳೆಗಳೂ ಇರಲಿಲ್ಲ. ಕಡ್ಡಿಗಳನ್ನು ಬುಡಕ್ಕೆ ಗರಗಸ ಹಾಕಿ ಕೊಯ್ದು, ಪುಟ್ಟಿ ಹಚ್ಚಿ, ಮರಳು ಕಾಗದದಿಂದ ನುಣುಪು ಮಾಡಿ, ಹೊಳ್ಳೆ ಇರಬೇಕಾದ ಕಡೆ ಕಂದು ಬಣ್ಣದ ಎರಡು ಚುಕ್ಕೆ ಇಟ್ಟಿದ್ದರು.

ಚರ್ಚಿನ ಪ್ರತಿಮೆಗಳಿಗೆ ಹಬ್ಬಕ್ಕೆ ಮುಂಚೆ ಬಣ್ಣ ಹೊಡೆಯುವ ಪೇಂಟರ್ ಅಲ್ಲೇ ಏಣಿ ಮಡಿಸುತ್ತಿದ್ದ. ಅವನ ಮೇಲೆ ರೇಗಿದೆ. ಪಾಪ, ಅವನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

“ಮಾತೆಯವ್ರಿಗೂ, ಸಂತರಿಗೂ ನಾನ್ ಹಿಂಗೇ ಮಾಡೋದು ಮೇಡಂ. ಇಷ್ಟ್ ವರ್ಷದಲ್ಲಿ ಯಾರ್ ಮೂಗೂ ಕೊರೆದಿಲ್ಲ. ಚುಕ್ಕೆ ಇಟ್ರೆ ದೂರಕ್ಕೆ ಹೊಳ್ಳೆ ಥರಾನೇ ಕಾಣುತ್ತೆ.”

ಫಾದರ್ ಹೂಗುಚ್ಛ ಹಿಡಿದುಕೊಂಡು ಅವಸರದಲ್ಲಿದ್ದರು. “ನಿಮಗೆ ಮತ್ತೆ ತೊಂದ್ರೆ ಯಾಕೆ ಅಂತ ಇವರ ಕೈಲೇ ಮುಗಿಸ್ದೆ. ಚೆನ್ನಾಗಿ ಬಂದಿದೆ ಅಲ್ವಾ? ಈಗ ಮುಟ್ಬೇಡಿ, ಗೆಸ್ಟ್ ಗೇಟ್ ಹತ್ರ ಬಂದಿದಾರೆ.” ಕಡ್ಡಿಗಳೆಲ್ಲಿ ಎಂದೆ. ಪೇಂಟರ್ ಕಸದ ಬುಟ್ಟಿಯ ಕಡೆ ನೋಡಿದ. ಅದು ಖಾಲಿಯಾಗಿ, ತೊಳೆದು ಬೋರಲು ಹಾಕಿತ್ತು.

ದೀಪ ಹಚ್ಚಿದರು. ಮಾನವಶಾಸ್ತ್ರಕ್ಕೆ ದೊಡ್ಡ ಸ್ವಾಮಿಗಳ ಕೊಡುಗೆಯ ಬಗ್ಗೆ ಭಾಷಣಗಳಾದವು. ಅತಿಥಿಗಳು ಮುಖದಿಂದ ಮುಖಕ್ಕೆ ನಡೆದು ತಲೆದೂಗಿದರು. ಎಲ್ಲರೂ ಕಾಫಿಗೆ ಹೊರಟಾಗ ಟೀಚರ್ ಅತ್ತೆಯನ್ನು ಕೈ ಹಿಡಿದು ಒಳಗೆ ಕರೆತಂದರು. ಅಜ್ಜಿಯ ಕೈಯಲ್ಲಿ ವೈರಿನ ಬುಟ್ಟಿ. ಬುಟ್ಟಿಯಲ್ಲಿ ಹಸಿರು ಸೀರೆ, ಮಲ್ಲಿಗೆ ಹೂವು, ಮುಖವನ್ನು ಸುತ್ತಿ ಒಯ್ಯಲು ಒಂದು ಮೆತ್ತನೆಯ ದುಪ್ಪಟಿ.

ಫಾದರ್ ತಾವಾಗಿಯೇ ಹತ್ತಿರ ಬಂದರು. “ಬನ್ನಿ ಅಜ್ಜಿ. ನಾವು ಮಾತು ಕೊಟ್ರೆ ಕೊಟ್ಟಂಗೆ. ಇವತ್ತು ಸಂಜೆನೇ ತಗೊಂಡ್ ಹೋಗಿ, ನಾಳೆ ಪೂಜೆ ಮಾಡ್ಕೊಂಡು ನಿಧಾನಕ್ಕೆ ತನ್ನಿ.”

ಅಜ್ಜಿ ಮೊದಲು ಕಿವಿ ಹಿಡಿದರು. ಆಮೇಲೆ, ಉಸಿರು ಇದೆಯೇ ಎಂದು ನೋಡುವವರ ಹಾಗೆ, ತೋರುಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದರು. ಬೆರಳು ಮೇಲೆ ಹೋಗಿ ಒಂದು ಚುಕ್ಕೆಯನ್ನು ತಡವಿತು, ಇನ್ನೊಂದನ್ನು ತಡವಿತು. ಉಗುರಿನಿಂದ ಕೆರೆದು ನೋಡಿದರು.

“ಅವತ್ತು ಒಂದಾದ್ರೂ ಇತ್ತು,” ಎಂದರು. “ಎಲ್ಡೂ ಮುಚ್ಬುಟ್ಟವ್ರೆ.”

“ಅಜ್ಜಿ, ನಾನ್ ಬಿಡಿಸ್ತೀನಿ. ಬೈರಿಗೆ ಬ್ಯಾಗಲ್ಲೇ ಇದೆ. ಸಂಜೆಯೊಳಗೆ ಕೊರೆದು ಕೊಡ್ತೀನಿ,” ಎಂದು ಬ್ಯಾಗಿಗೆ ಕೈ ಹಾಕಿದೆ.

ಅಜ್ಜಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಸುಸ್ತಾಗಿದ್ದರು. “ಇನ್ನೂ ಎಷ್ಟ್ ಜನ ಅವ್ಳ ಮೂಗಿಗ್ ಕೈ ಆಕ್ತೀರವ್ವ?”

ನಾನು ಕೈ ಹೊರಗೆ ತೆಗೆದೆ. ಅಜ್ಜಿ ಬುಟ್ಟಿಯಿಂದ ಮಲ್ಲಿಗೆ ತೆಗೆಯಲು ಹೋಗಿ, ಬೇಡವೆನಿಸಿ ಮತ್ತೆ ಒಳಗಿಟ್ಟರು. ದುಪ್ಪಟಿಯನ್ನು ಅದರ ಮೇಲೆ ಹೊದಿಸಿದರು. ಫಾದರಿಗೆ ಕೈ ಮುಗಿದರು.

“ನಿಮ್ತಾವೇ ಇರ್ಲಿ ಬುಡಿ ಸ್ವಾಮಿ. ನಾನು ಚೊಂಬೇ ಇಟ್ಕೊಂತೀನಿ. ಅದರ ಬಾಯಾದ್ರೂ ತೆರ್ದಿರ್ತದೆ.”